ಹುಲ್ಲಿನ ಪೇಪರಿಗೆ ಪೂರ್ವಾರ್ಹತೆ

ಜನವರಿ 9

ಪ್ರೀತಿಯ ತಮ್ಮನಿಗೆ,

ನೀನು ಪಠ್ಯಕ್ರಮ ಸಮಿತಿಯ ಅಧ್ಯಕ್ಷನಾದ ಸುದ್ದಿ ನಿನ್ನ ಹೆಂಡತಿಯ ಬಾಯಿಂದ ತಿಳಿಯಿತು. ನೀನು ಹೇಳಲಿಲ್ಲ. ಮೊನ್ನೆ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದೆವಲ್ಲ, ನಿನ್ನ ಪಾಲಿಗೆ ಬಂದದ್ದು ಬರೀ 'ಹೂಂ', ನಡುವೆ ಒಂದು 'ಅಯ್ಯೋ'. ಇನ್ನು ಮೇಲೆ ಫೋನು ಬೇಡ, ಕಾಗದ ಬರೆ. ಕಾಗದದ ತುಂಬ 'ಹೂಂ' ಅಂತ ಬರೆದು ಅಂಚೆಗೆ ಹಾಕುವಾಗ ನಿನಗೇ ನಾಚಿಕೆಯಾಗುತ್ತದೆ.

ಡಿಗ್ರಿಯಲ್ಲಿ ಯಾವ ಪೇಪರ್ ಇರಬೇಕು, ಯಾವುದು ಹೋಗಬೇಕು, ಯಾವುದರ ಹೆಸರು ಬದಲಾಗಬೇಕು, ಎಲ್ಲವೂ ಆ ಸಮಿತಿಯ ಮೇಜನ್ನು ದಾಟಿಯೇ ಹೋಗಬೇಕು. ಅದೇ ಮೇಜಿನ ಪಕ್ಕ ಕಾರ್ಯದರ್ಶಿಯಾಗಿ ಕೂತು ನಾನು ಕೂದಲು ಬಿಳಿ ಮಾಡಿಕೊಂಡವಳು. ಗಣಿತದ ಮೇಷ್ಟ್ರು ನೀನು, ಮನುಷ್ಯರನ್ನು ಕಂಡರೆ ಕಪ್ಪು ಹಲಗೆಯ ಕಡೆ ತಿರುಗುವವನು. ಅಲ್ಲಿ ಹೇಗೆ ಸಿಕ್ಕಿಕೊಂಡೆ?

ನಾನು ಇಲ್ಲಿ ಮಗಳ ಮನೆಯಲ್ಲಿ ಚೆನ್ನಾಗಿದ್ದೇನೆ. ಎಷ್ಟು ಎತ್ತರದ ಮಹಡಿ ಎಂದರೆ ಕಿಟಕಿಯಿಂದ ಹಕ್ಕಿಗಳ ಬೆನ್ನು ಕಾಣುತ್ತದೆ, ನೆಲ ಕಾಣುವುದಿಲ್ಲ. ಇರಲಿ. ಸಸ್ಯಶಾಸ್ತ್ರದ ಎರಡನೇ ವರ್ಷಕ್ಕೆ ನಾನು ಕಟ್ಟಿಕೊಟ್ಟು ಬಂದ ಹುಲ್ಲಿನ ಪೇಪರ್ ಹೇಗಿದೆ? ಈ ಸಲ ಯಾರೆಲ್ಲ ಸೇರಿದ್ದಾರೆ, ವಿಚಾರಿಸಿ ಬರೆ.

ನಿನ್ನ ಅಕ್ಕ


ಜನವರಿ 20

ಅಕ್ಕಾ,

ಸಿಕ್ಕಿಕೊಂಡದ್ದು ಹೀಗೆ. ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಸೆಕೆ ಅಂತ ಕಿಟಕಿ ತೆಗೆಯಲು ಎದ್ದು ನಿಂತೆ. ಎದ್ದವನೇ ಅಭ್ಯರ್ಥಿ ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿ ಇವತ್ತಿಗೂ ತೆರೆದಿಲ್ಲ.

ಮೊದಲ ಸಭೆ ಮುಗಿಯಿತು. ವರದಿ ಇಷ್ಟೇ:

ಸಭೆಗೆ ಬಂದವರು ಆರು,
ಓದಿ ಬಂದವರು ಯಾರು?

ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರಿದ್ದಾರೆ. 'ತತ್ವತಃ' ಅನ್ನದೆ ನೀರನ್ನೂ ಕೇಳುವುದಿಲ್ಲ. ಒಂದು ಪೇಪರಿನ ಹೆಸರಿನಲ್ಲಿ 'ಮತ್ತು' ಇರಬೇಕೋ 'ಹಾಗೂ' ಇರಬೇಕೋ ಎಂದು ಬೆಳಗೆಲ್ಲ ಚರ್ಚೆ ಎಳೆದರು. ಕೊನೆಗೆ ಉಪಸಮಿತಿ ಮಾಡಿದೆವು.

ಈಗ ಒಂದು ಅನುಮಾನ. ಒಂದು ವಿಭಾಗದವರು ತಮ್ಮದೇ ಒಂದು ಪೇಪರ್ ಮುಚ್ಚಿಬಿಡಿ ಅಂತ ಬರೆದುಕೊಟ್ಟಿದ್ದಾರೆ. ಯಾರೂ ಸೇರುತ್ತಿಲ್ಲವಂತೆ. ಯಾವ ವಿಭಾಗ ಅನ್ನುವುದು ಗೌಪ್ಯ. ಇಂಥ ಪೇಪರನ್ನು ಉಳಿಸಲು ದಾರಿ ಏನಾದರೂ ಉಂಟೇ?

ಹುಲ್ಲಿನ ವಿಷಯ ಕೇಳಿದ್ದೆ. ಹುಲ್ಲು ಚೆನ್ನಾಗಿದೆ. ವಿಭಾಗದ ಮುಂದೆ ಮೊಣಕಾಲಿನವರೆಗೆ ಬೆಳೆದಿದೆ.

ನಿನ್ನ ತಮ್ಮ


ಫೆಬ್ರವರಿ 2

ತಮ್ಮಾ,

ಗೌಪ್ಯವಂತೆ! ನನ್ನ ಹತ್ತಿರ! ಅದು ಭೂಗೋಳದ ಸರಪಳಿ ಸರ್ ಕಟ್ಟಿದ ಮೋಜಣಿ ಪೇಪರ್ ತಾನೇ? ಆ ಮನುಷ್ಯ ಪ್ರಾಕ್ಟಿಕಲ್ ಅಂತ ಹುಡುಗರ ಕೈಯಲ್ಲಿ ಕಬ್ಬಿಣದ ಸರಪಳಿ ಕೊಟ್ಟು, ನಾನು ಬೆಳೆಸಿದ ಹುಲ್ಲಿನ ಮಡಿಗಳ ಮೇಲೆ ದರದರ ಎಳೆಸುತ್ತಿದ್ದರು. ಕೇಳಿದರೆ, "ಮೇಡಂ, ಹುಲ್ಲು ತಾನೇ, ಮತ್ತೆ ಬರುತ್ತೆ" ಅನ್ನುವುದು. ಈಗ ಪೇಪರ್ ತಾನೇ, ಹೋಗಲಿ ಬಿಡು. ನಿವೃತ್ತಿಯಾದ ಮೇಲೂ ಒಳ್ಳೆಯ ದಿನಗಳು ಬರುತ್ತವೆ ಅಂತ ನನಗೆ ಗೊತ್ತಿರಲಿಲ್ಲ.

ಉಳಿಸುವ ದಾರಿ ಯಾಕೆ ಕೇಳುತ್ತೀ? ನೀನು ಯಾವಾಗಲೂ ಹೀಗೇ. ಚಿಕ್ಕಂದಿನಲ್ಲಿ ಸೋತ ತಂಡದ ಪರ ಅಳುತ್ತಿದ್ದೆ. ಮುಚ್ಚುವ ದಾರಿ ಹೇಳುತ್ತೇನೆ ಕೇಳು. 'ಮುಚ್ಚು' ಅನ್ನುವ ಮಾತನ್ನೇ ಎತ್ತಬೇಡ. 'ಮರುಸಂಯೋಜನೆ' ಅನ್ನು, ಅದಕ್ಕೆ ಯಾರೂ ಅಡ್ಡಬರುವುದಿಲ್ಲ, ಅರ್ಥವಾದರೆ ತಾನೇ ಅಡ್ಡಬರುವುದು? ಕಾರ್ಯಸೂಚಿಯಲ್ಲಿ ಅದನ್ನು ಕೊನೆಗೆ ಹಾಕು, ಊಟದ ಹೊತ್ತಿಗೆ ಸರಿಯಾಗಿ. ಹಸಿದ ಪ್ರಾಧ್ಯಾಪಕ ಯಾವುದಕ್ಕೂ ಕೈ ಎತ್ತುತ್ತಾನೆ. ಎಲ್ಲಕ್ಕಿಂತ ಮುಖ್ಯ, ಆ ಪೇಪರನ್ನು ಚೆನ್ನಾಗಿ ಹೊಗಳು. ಸಮಿತಿಯಲ್ಲಿ ಹೊಗಳಿಸಿಕೊಂಡ ಪೇಪರ್ ಬದುಕಿದ್ದನ್ನು ನಾನು ಕಂಡಿಲ್ಲ.

ಹುಲ್ಲು ಬೆಳೆದ ಎತ್ತರ ನಾನು ಕೇಳಲಿಲ್ಲ. ಪೇಪರಿಗೆ ಯಾರು ಸೇರಿದ್ದಾರೆ ಅಂತ ಕೇಳಿದ್ದು.

ಅಕ್ಕ


ಫೆಬ್ರವರಿ 12

ಅಕ್ಕಾ,

ಸರಪಳಿಯದಲ್ಲ. ನಿನ್ನದು.

ಸಸ್ಯಶಾಸ್ತ್ರದ ಹೊಸ ಎಚ್‌ಓಡಿ ಮೇಡಂ ಬರೆದುಕೊಟ್ಟಿರುವುದು ನಿನ್ನ ಹುಲ್ಲಿನ ಪೇಪರ್ ಮುಚ್ಚಿ ಅಂತ. ಇತ್ತೀಚಿನ ವರ್ಷಗಳಲ್ಲಿ ಒಬ್ಬರೂ ಸೇರಿಲ್ಲ, 'ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ' ಎಂದು ಬರೆದಿದ್ದಾರೆ. ನಾನು ಆ ಹಾಳೆಯನ್ನು ಕಡತದ ಅಡಿಗೆ ಹಾಕುತ್ತೇನೆ, ಗುಮಾಸ್ತರು ಮೇಲಕ್ಕೆ ತರುತ್ತಾರೆ. ನಿನಗೆ ಇದೊಂದೇ ತಾನೇ ಉಳಿದಿರುವುದು. ಪ್ರಶಸ್ತಿ ಪತ್ರಗಳನ್ನೆಲ್ಲ ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಿದವಳು, ಆ ಪೇಪರಿನ ಪಠ್ಯಕ್ರಮವನ್ನು ಮಾತ್ರ ಸೀರೆಗಳ ನಡುವೆ ಇಟ್ಟುಕೊಂಡು ಹೋದೆ. ಹೇಗೆ ಹೇಳಲಿ?

ಇದನ್ನು ಅಂಚೆಗೆ ಹಾಕುವುದಿಲ್ಲ. ಹರಿದು ಬಿಸಾಡುವುದೂ ಇಲ್ಲ. ಸಮಿತಿಗೆ ಬಂದ ಮೇಲೆ ಕಲಿತ ಅಭ್ಯಾಸ, ಏನು ಮಾಡಬೇಕೋ ತಿಳಿಯದ ಕಾಗದವನ್ನು ಕಡತಕ್ಕೆ ಸೇರಿಸುವುದು.


ಫೆಬ್ರವರಿ 13

ಅಕ್ಕಾ,

ನಿನ್ನ ಊಹೆಗೆ ಹೌದು ಅನ್ನಲಾರೆ, ಇಲ್ಲ ಅನ್ನಲಾರೆ. ಅಧ್ಯಕ್ಷನ ಬಾಯಿಗೆ ಬೀಗ, ಸಮಿತಿಗೆ ಇದೇ ಯೋಗ. ಹುಲ್ಲಿನ ಪೇಪರಿನ ಅಂಕಿಅಂಶ ಕಚೇರಿಯಿಂದ ಇನ್ನೂ ಬಂದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ.

ತಮ್ಮ


ಫೆಬ್ರವರಿ 26

ತಮ್ಮಾ,

ಪ್ರಾಸ ಕಟ್ಟಿದ್ದೀ ಅಂದರೆ ಏನೋ ಮುಚ್ಚಿಡುತ್ತಿದ್ದೀ. ಅಪ್ಪನ ಕನ್ನಡಕದ ಮೇಲೆ ಕೂತ ದಿನವೂ ಪದ್ಯ ಹೇಳಿಕೊಂಡು ಓಡಾಡಿದ್ದೆ. ಸರಪಳಿ ಸರ್ ಮೇಲೆ ನಿನಗೆ ಕನಿಕರ, ಗೊತ್ತು. ಅವರು ನಿನಗೆ ಚೆಸ್ ಹೇಳಿಕೊಟ್ಟವರು. ಆದರೆ ಅಧ್ಯಕ್ಷನಾದವನಿಗೆ ಕರುಳು ಇರಬಾರದು, ಗಡಿಯಾರ ಇರಬೇಕು. ಗಟ್ಟಿಯಾಗಿರು. ನಿನ್ನ ಹಿಂದೆ ನಾನಿದ್ದೇನೆ.

ಮೊದಲ ವಾಚನದಲ್ಲಿ ಪಾಸಾದ ಕೂಡಲೇ ಬರೆ. ಆ ದಿನ ಅಳಿಯನಿಗೆ ಹೇಳಿ ಐಸ್‌ಕ್ರೀಂ ತರಿಸುತ್ತೇನೆ.

ಅಕ್ಕ


ಮಾರ್ಚ್ 15

ಅಕ್ಕಾ,

ಪಾಸಾಯಿತು. ಐಸ್‌ಕ್ರೀಂ ಸದ್ಯಕ್ಕೆ ಬೇಡ.

ನಾನು ಆ ಪೇಪರನ್ನು ಊಟದ ಹೊತ್ತಿಗೇ ಇಟ್ಟೆ, ಹಸಿವಾಗಿ ಮುಂದಿನ ಸಭೆಗೆ ಹಾಕೋಣ ಅನ್ನುತ್ತಾರೆಂದು ನಂಬಿ. ಆಮೇಲೆ ಎದ್ದು ನಿಂತು ಹೊಗಳಿದೆ. ನಿನ್ನ ಉಪಾಯಕ್ಕಾಗಿ ಅಲ್ಲ, ಮನಸಾರೆ ಹೊಗಳಿದೆ. ಹುಡುಗರಿಗೆ ಕಾಲ ಕೆಳಗೆ ನೋಡುವುದನ್ನು ಕಲಿಸಿದ ಪೇಪರ್ ಅಂದೆ. ಪರೀಕ್ಷೆ ಮುಗಿದ ಮೇಲೂ ಮರೆಯದ ಪೇಪರ್ ಅಂದೆ. ನೀರು ಕುಡಿದೆ. ತಲೆ ಎತ್ತಿ ನೋಡಿದರೆ ಎಲ್ಲರೂ ಸಂತಾಪ ಸಭೆಯಲ್ಲಿ ಇರುವ ಹಾಗೆ ತಲೆ ತಗ್ಗಿಸಿದ್ದಾರೆ. 'ತತ್ವತಃ' ಅವರಂತೂ ಕನ್ನಡಕ ತೆಗೆದು ಒರೆಸಿಕೊಂಡು, "ತತ್ವತಃ, ಅದು ತುಂಬಾ ಒಳ್ಳೆ ಪೇಪರ್ ಆಗಿತ್ತು" ಅಂದರು.

"ಆಗಿತ್ತು ಅಲ್ಲ ಸಾರ್, ಇದೆ!" ಅಂದೆ.

"ಹೌದು ಹೌದು, ನಮ್ಮೆಲ್ಲರ ನೆನಪಲ್ಲಿ ಇರುತ್ತೆ" ಅಂದರು. ಕೈಗಳು ಎದ್ದವು. ಊಟದ ಗಂಟೆ ಹೊಡೆಯಿತು. ಹೊಗಳಿ ಹೊಗಳಿ ನಾನೇ ಅದನ್ನು ಹೊರಟುಹೋಗುವಂತೆ ಮಾಡಿದೆ.

ಮುಚ್ಚುವ ಮೊದಲು ಇನ್ನೂ ಎರಡನೇ ವಾಚನ ಇದೆ. ಜೂನ್‌ನಲ್ಲಿ.

ತಮ್ಮ


ಏಪ್ರಿಲ್ 4

ಮಾನ್ಯ ಅಧ್ಯಕ್ಷರು, ಪಠ್ಯಕ್ರಮ ಸಮಿತಿ, ಇವರಿಗೆ

ವಿಷಯ: ಹುಲ್ಲಿನ ಪೇಪರಿನ 'ಮರುಸಂಯೋಜನೆ'ಗೆ ಆಕ್ಷೇಪಣೆ

ಮಾನ್ಯರೇ,

ಮುಚ್ಚಲಿರುವ ಪೇಪರನ್ನು ಮೊದಲು ರೂಪಿಸಿದವರಿಗೆ ನೋಟಿಸು ಕಳಿಸಿ ಆಕ್ಷೇಪಣೆ ಕೇಳಬೇಕು ಎಂಬ ನಿಯಮದಂತೆ ತಾವು ಕಳಿಸಿದ ನೋಟಿಸು ತಲುಪಿತು. ಅದರ ಕೆಳಗಿರುವ ಸಹಿ ತಮ್ಮದೇ. ಆ ಸಹಿಯಲ್ಲಿ ಬಾಲ ಬಲಕ್ಕೆ ಎಳೆಯುವುದನ್ನು ತಮಗೆ ಕಲಿಸಿದವಳು ನಾನೇ ಆದ್ದರಿಂದ ಗುರುತು ಹಿಡಿಯಲು ಕಷ್ಟವಾಗಲಿಲ್ಲ.

ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಊಟದ ಹೊತ್ತಿಗೆ ಇಟ್ಟದ್ದು, 'ಮರುಸಂಯೋಜನೆ' ಎಂಬ ಪದ ಬಳಸಿದ್ದು, ಮತ್ತು ಪೇಪರನ್ನು ಅಧ್ಯಕ್ಷರು ಬಹಳ ಹೊತ್ತು ಹೊಗಳಿದ್ದು, ಈ ಮೂರೂ ದುರುದ್ದೇಶದ ಕ್ರಮಗಳೆಂದು ನಾನು ಬಲ್ಲೆ. ಹೇಗೆ ಬಲ್ಲೆ ಎಂದು ತಾವು ಕೇಳಲಾರಿರಿ.

ಆಕ್ಷೇಪಣೆ ಒಂದೇ. ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲವೆಂಬುದು ಸುಳ್ಳು. ನನ್ನ ಕಾಲದಲ್ಲಿ ಹುಡುಗರು ಮಣ್ಣಿನ ಮೇಲೆ ಮಂಡಿಯೂರಲು ಜಾಗಕ್ಕಾಗಿ ಜಗಳವಾಡುತ್ತಿದ್ದರು. ಏಕಾಏಕಿ ಎಲ್ಲರಿಗೂ ಮಂಡಿನೋವು ಬಂದಿತೇ? ತನಿಖೆ ಮಾಡಿ ಲಿಖಿತ ಉತ್ತರ ಕೊಡಬೇಕಾಗಿ ಕೋರಿಕೆ.

ಇತಿ,
ನಿವೃತ್ತ ಪ್ರಾಧ್ಯಾಪಕಿ


ಏಪ್ರಿಲ್ 12

ಮಾನ್ಯ ಆಕ್ಷೇಪಣಾದಾರರಿಗೆ,

ತಮ್ಮ ಪತ್ರ ತಲುಪಿದೆ. ನಿಯಮದಂತೆ ಕಡತಕ್ಕೆ ಸೇರಿಸಲಾಗಿದೆ. ತನಿಖೆ ಮಾಡಲಾಗುವುದು.

ಅಕ್ಕಾ, ನಾನು ಓದಿ ಸಹಿ ಮಾಡಲಿಲ್ಲ. ಕಾಗದದ ಕಟ್ಟು ಬಂತು, ಚಹಾ ಬಂತು, ಒಂದು ಕೈಯಲ್ಲಿ ಕುಡಿದೆ, ಇನ್ನೊಂದು ಕೈಯಲ್ಲಿ ಸಹಿ ಎಳೆದೆ. ಸಹಿಗೆ ಬಂದದ್ದನ್ನೆಲ್ಲ ಓದುವ ಅಧ್ಯಕ್ಷ ಇನ್ನೂ ಹುಟ್ಟಿಲ್ಲ ಅಂತ ನೀನೇ ಹೇಳುತ್ತಿದ್ದೆ. ನಿನಗೆ ಮೊದಲೇ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಬರೆದು ಕಡತದಲ್ಲಿಟ್ಟ ಕಾಗದ ಇದರ ಜೊತೆ ಇದೆ. ಬೈಯಬೇಕಾದರೆ 'ಕಣೋ' ಅಂತ ಬೈ, 'ತಾವು' ಅನ್ನಬೇಡ. ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಗುತ್ತದೆ. ಮಂಡಿನೋವು ಹೇಗಿದೆ? ಔಷಧಿ ಹಚ್ಚುತ್ತಿದ್ದೀಯಾ?

ತಮ್ಮ (ಅಧ್ಯಕ್ಷರು)


ಏಪ್ರಿಲ್ 20

ಮಾನ್ಯರೇ,

ಆಕ್ಷೇಪಣಾದಾರರ ಮಂಡಿ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ತನಿಖೆಯ ವರದಿ ಎಲ್ಲಿ?

ಕಳಿಸದ ಕಾಗದವನ್ನು ಓದಿದೆ. ಓದಿದೆ ಎಂಬುದನ್ನು ಮಾತ್ರ ದಾಖಲಿಸಿಕೊಳ್ಳತಕ್ಕದ್ದು.

ನಿವೃತ್ತ ಪ್ರಾಧ್ಯಾಪಕಿ


ಮೇ 6

ಅಕ್ಕಾ,

ನೀನು 'ಮಾನ್ಯರೇ' ಅಂದರೂ ನಾನು ಅಕ್ಕಾ ಅಂತಲೇ ಬರೆಯುತ್ತೇನೆ. ವರದಿ ಇಲ್ಲಿದೆ. ಕೂತುಕೊಂಡು ಓದು.

ಮುಂದಿನ ಸೆಮಿಸ್ಟರಿನ ಪೇಪರ್ ಆಯ್ಕೆ ನಿನ್ನೆ ಶುರುವಾಯಿತು. ವಿದ್ಯಾರ್ಥಿಗಳಿಗೆ ಮಂಡಿನೋವೋ ಏನೋ ಎಂದು ನೋಡಲು ನೋಂದಣಿ ಕಿಟಕಿಯ ಸಾಲಿನಲ್ಲಿ ನಾನೂ ಹೋಗಿ ನಿಂತೆ. ಮುಂದಿದ್ದ ಹುಡುಗಿ ತಿರುಗಿ ನೋಡಿದಳು.

"ಅಂಕಲ್, ಮಗನ ಪರವಾಗಿ ಬಂದಿದೀರಾ?"

"ಇಲ್ಲಮ್ಮ, ಅಕ್ಕನ ಪರವಾಗಿ."

"ಅವರು ಯಾವ ಸೆಮಿಸ್ಟರ್?"

"ನಿವೃತ್ತಿ."

ಹುಡುಗಿ ಒಂದು ಹೆಜ್ಜೆ ಮುಂದಕ್ಕೆ ಸರಿದಳು. ಸಸ್ಯಶಾಸ್ತ್ರದವಳಂತೆ. ಎರಡನೇ ವರ್ಷಕ್ಕೆ ಬಂದಿದ್ದಾಳೆ. ಹುಲ್ಲಿನ ಪೇಪರ್ ತಗೋತೀಯಾ ಅಂತ ಕೇಳಿದೆ.

"ಅದು ಬರಲ್ಲ ಅಂಕಲ್. ನಮ್ಮಣ್ಣ ಟ್ರೈ ಮಾಡಿದ್ದ, ಅವನ ಫ್ರೆಂಡ್ಸೂ ಟ್ರೈ ಮಾಡಿದ್ರು. ಬರದೆ ಎಲ್ಲಾ ಪಾಚಿ ಪೇಪರ್ ತಗೊಂಡ್ರು. ನಾನೂ ಪಾಚಿನೇ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ."

ಅಷ್ಟರಲ್ಲಿ ಅವಳ ಸರದಿ ಬಂತು. ನಾನೂ ಕಿಟಕಿಗೆ ತಲೆ ತೂರಿಸಿ, ಇವಳಿಗೆ ಒಂದು ಸಲ ಹುಲ್ಲು ಒತ್ತಿ ನೋಡ್ರೀ ಅಂದೆ. ಗುಮಾಸ್ತರು ಒತ್ತಿದರು. ಕಂಪ್ಯೂಟರ್ ಕುಂಯ್ ಅಂದಿತು.

"ಪೂರ್ವಾರ್ಹತೆ ಇಲ್ಲ ಅಂತಿದೆ ಸಾರ್. ಮೊದಲು ಸೂಕ್ಷ್ಮದರ್ಶಕದ ಪೇಪರ್ ಪಾಸಾಗಿರಬೇಕು."

"ಸರಿ, ಅದಕ್ಕೆ ಸೇರಿಸಿ."

"ಅಂಥ ಪೇಪರ್ ಇಲ್ಲ ಸಾರ್. ಹಿಂದೆನೇ ಮುಚ್ಚಿದಾರೆ."

"ಇಲ್ಲದ ಪೇಪರ್ ಪಾಸಾಗೋದು ಹೇಗ್ರೀ?"

"ಅದು ನಮಗೆ ಗೊತ್ತಿಲ್ಲ. ಸಮಿತಿಯವರನ್ನ ಕೇಳಿ."

"ಸಮಿತಿಯಲ್ಲಿ ಯಾರನ್ನ?"

"ಅಧ್ಯಕ್ಷರು ಅಂತ ಒಬ್ಬರು ಇರ್ತಾರೆ ನೋಡಿ..." ಎಂದು ತಲೆ ಎತ್ತಿದರು. "ಅಯ್ಯೋ, ನೀವೇ ಅಲ್ವಾ ಸಾರ್?"

ಹಿಂದಿದ್ದ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಅಕ್ಕಾ, ಆಗಿರುವುದು ಇಷ್ಟು. ನೀನು ನಿವೃತ್ತಿಯಾದ ಮೇಲೆ ನನ್ನ ಹಿಂದಿನ ಅಧ್ಯಕ್ಷರು ಸೂಕ್ಷ್ಮದರ್ಶಕದ ಪೇಪರನ್ನು ಮೂರನೇ ವರ್ಷದ ಇನ್ನೊಂದು ಪೇಪರಿನೊಳಗೆ ಸೇರಿಸಿ ಮುಚ್ಚಿದರು. ಅದನ್ನು ಓದದವರು ಹುಲ್ಲಿನ ಪೇಪರಿಗೆ ಬರಬಾರದು ಅಂತ ಒಂದು ಸಾಲು ಇರುವುದು ಯಾರ ಗಮನಕ್ಕೂ ಬರಲಿಲ್ಲ. ಏಣಿ ತೆಗೆದರು, ಅಟ್ಟ ಹಾಗೇ ಬಿಟ್ಟರು. ಅಟ್ಟಕ್ಕೆ ಯಾರೂ ಹತ್ತುತ್ತಿಲ್ಲ, ಯಾರಿಗೂ ಆಸಕ್ತಿಯಿಲ್ಲ ಅಂತ ಈಗ ನಾವು ಅಟ್ಟ ಕೀಳಲು ಹೊರಟಿದ್ದೇವೆ.

ಪರಿಹಾರ ಸುಲಭ. ಮೂರನೇ ವರ್ಷದ ಪೇಪರನ್ನು ಎರಡನೇ ವರ್ಷಕ್ಕೆ ಎಳೆದು ತರುವುದು ದೊಡ್ಡ ಬದಲಾವಣೆ, ನಮ್ಮ ಜನ್ಮದಲ್ಲಿ ಆಗುವುದಿಲ್ಲ. ಆದರೆ ಒಂದು ಸಾಲು ಹೊಡೆದುಹಾಕುವುದು ಕಿರು ಬದಲಾವಣೆ. ಆಕ್ಷೇಪಣಾದಾರರು ಒಪ್ಪಿ ಬರೆದುಕೊಟ್ಟರೆ ಎರಡನೇ ವಾಚನದಲ್ಲೇ ಮಾಡಬಹುದು. 'ಪೂರ್ವಾರ್ಹತೆ: ಇಲ್ಲ' ಅಂತಾಗುತ್ತದೆ. ಯಾರು ಬೇಕಾದರೂ ಸೇರಬಹುದು. ಸಹಿ ಹಾಕಿ ಕಳಿಸು.

ತಮ್ಮ


ಮೇ 17

ತಮ್ಮಾ,

ಸರಪಳಿ ಸರ್‌ಗೆ ನಾನು ಅಂದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಸಿಕ್ಕರೆ ಹೇಳಬೇಡ.

ಸಹಿ ಹಾಕುವುದಿಲ್ಲ. ಯಾರು ಬೇಕಾದರೂ ಸೇರಬಹುದು ಅಂದರೆ ಏನು, ಅದೇನು ಬಸ್ ನಿಲ್ದಾಣವೇ? ವಾಣಿಜ್ಯದವರು ಬರುತ್ತಾರೆ. ಕಾಲೇಜಿಗೆ ಬಂದರೆ ಹುಲ್ಲಿನ ಮೇಲೆ ಮಲಗುವುದೊಂದೇ ಗೊತ್ತಿರುವವರು ಬರುತ್ತಾರೆ. ಸುಲಭದ ಮಾರ್ಕ್ಸು ಅಂತ ಬರುತ್ತಾರೆ. ನಾನು ಆ ಸಾಲು ಬರೆದದ್ದು ಸುಮ್ಮನೆ ಅಲ್ಲ ಕಣೋ. ಕೋಶ ಹೇಗಿರುತ್ತದೆ ಅಂತ ಒಂದು ಸಲವಾದರೂ ಮಸೂರದಡಿ ನೋಡದವನಿಗೆ ಹುಲ್ಲು ಬರೀ ಹಸಿರು ಬಣ್ಣ. ಹಾಗೆ ಬದುಕುವುದಕ್ಕಿಂತ ಮರ್ಯಾದೆಯಾಗಿ ಮುಚ್ಚಿಹೋಗಲಿ.

ನಿನ್ನ ಸಮಿತಿಗೆ ಪುರಾವೆ ಬೇಕೆಂದರೆ ಕೊಡುತ್ತೇನೆ. ಏನೂ ಓದದ ಒಬ್ಬ ಮನುಷ್ಯನನ್ನು ಹಿಡಿದು ಮೊದಲ ಪಾಠ ಮಾಡುತ್ತೇನೆ. ಅವನಿಗೆ ಏನೂ ತಲೆಗೆ ಹೋಗಲಿಲ್ಲ ಎಂಬುದನ್ನು ಸವಿವರ ಬರೆದು ಕಳಿಸುತ್ತೇನೆ. ಅದನ್ನು ಸಭೆಯಲ್ಲಿ ಓದು.

ಅಕ್ಕ


ಜೂನ್ 2

ಅಕ್ಕಾ,

ಸಭೆ ಜೂನ್ 20ಕ್ಕೆ ನಿಗದಿಯಾಗಿದೆ. ಪುರಾವೆ ಬಂದಿಲ್ಲ. ಮರ್ಯಾದೆಯಾಗಿ ಮುಚ್ಚಿದ ಪೇಪರುಗಳ ಕಪಾಟು ನಮ್ಮ ಕಚೇರಿಯಲ್ಲಿದೆ, ಹೋಗಿ ನೋಡಿ ಬಂದೆ. ಅದರ ಮೇಲೆ ಫ್ಲಾಸ್ಕ್ ಇಟ್ಟಿದ್ದಾರೆ.

ತಮ್ಮ


ಜೂನ್ 11

ತಮ್ಮಾ,

ತಡವಾಯಿತು. ಬರೆಯಲು ಮನಸ್ಸಾಗಲಿಲ್ಲ.

ಪ್ರಯೋಗಕ್ಕೆ ಅಳಿಯಂದಿರನ್ನು ಆರಿಸಿಕೊಂಡೆ. ಅವರಿಗಿಂತ ಅನರ್ಹರು ಈ ಕಟ್ಟಡದಲ್ಲಿ ಯಾರೂ ಸಿಗಲಿಲ್ಲ. ಆಡಿಟರ್. ಮನೆಯ ಬಾಲ್ಕನಿಯಲ್ಲಿರುವ ಏಕೈಕ ಗಿಡ ಪ್ಲಾಸ್ಟಿಕ್ಕಿನದು ಅಂತ ಅವರಿಗೆ ಗೊತ್ತಾದದ್ದು ಹೋದ ವರ್ಷ, ಅದಕ್ಕೂ ಮುಂಚೆ ನೀರು ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿಳಿಸಿ, ಕಾರು ನಿಲ್ಲಿಸುವ ಜಾಗದ ಹಿಂದೆ ಗೋಡೆಗೂ ಸಿಮೆಂಟಿಗೂ ನಡುವೆ ಬಿಟ್ಟಿರುವ ಪಟ್ಟಿಗೆ ಕರೆದುಕೊಂಡು ಹೋದೆ.

"ಏನು ಕಾಣುತ್ತೆ?" ಅಂದೆ.

"ಹುಲ್ಲು, ಅತ್ತೆ."

"ಎಷ್ಟು ಬಗೆ?"

"ಹುಲ್ಲು ಅಂದ್ರೆ ಹುಲ್ಲಲ್ವಾ? ಒಂದೇ."

ನನಗೆ ಎಷ್ಟು ಸಂತೋಷವಾಯಿತು ಅಂತೀ! ಮನಸ್ಸಿನಲ್ಲೇ ವರದಿ ಬರೆಯಲು ಶುರುಮಾಡಿದೆ. ಪಾಠ ಪೂರ್ತಿಯಾಗಲಿ ಎಂದು ಎರಡು ದಂಟು ಕಿತ್ತು ಕೈಗೆ ಕೊಟ್ಟೆ. ಬೆರಳ ನಡುವೆ ಹೊರಳಿಸಿ ಎಂದೆ. ಒಂದನ್ನು ಹೊರಳಿಸಿದರು, ಹೊರಳಿತು. ಇನ್ನೊಂದನ್ನು ಹೊರಳಿಸಿದರು. ಮುಖ ಗಂಟಿಕ್ಕಿತು.

"ಅತ್ತೆ, ಇದು ಹೊರಳ್ತಾ ಇಲ್ಲ."

"ಯಾಕಂತೆ?"

ಕನ್ನಡಕ ಹಣೆಗೆ ಏರಿಸಿ ಹತ್ತಿರ ಹಿಡಿದರು. "ಮೂರು ಮೂಲೆ ಇದೆ ಇದಕ್ಕೆ!"

"ಹಾಗಾದ್ರೆ ಅದು ಹುಲ್ಲಲ್ಲ. ಜೇಕು."

"ಹುಲ್ಲಲ್ದಿದ್ರೆ ಹುಲ್ಲಿನ ಹಾಗೆ ಯಾಕೆ ನಿಂತಿದೆ?"

ತಮ್ಮಾ, ಸೂಕ್ಷ್ಮದರ್ಶಕ ಅರೆದು ಕುಡಿದು ಬಂದ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಇದನ್ನು ಕೇಳಿರಲಿಲ್ಲ. ಅವರು ಹೆಸರು ಬರೆದುಕೊಳ್ಳುತ್ತಿದ್ದರು.

ನಾನು ಉತ್ತರ ಕೊಡುವುದರೊಳಗೆ ಅಳಿಯಂದಿರು ಮಂಡಿಯೂರಿದ್ದರು. ಆ ಪಟ್ಟಿಯುದ್ದಕ್ಕೂ ಒಂದೊಂದನ್ನೂ ಹೊರಳಿಸುತ್ತಾ ಹೋದರು. "ಇದು ಹುಲ್ಲು. ಇದು ಹುಲ್ಲು. ಇದು ಕಳ್ಳ. ಅತ್ತೆ, ಇಲ್ಲಿ ಇನ್ನೊಬ್ಬ ಕಳ್ಳ!" ಎಲೆ ದಂಟಿಗೆ ಅಂಟುವ ಕಡೆ ಒಂದು ಪುಟ್ಟ ನಾಲಗೆ ಇರುತ್ತದಲ್ಲ, ಅದನ್ನು ನಾನು ತೋರಿಸಲಿಲ್ಲ, ಅವರೇ ಕಂಡುಹಿಡಿದು ಇದೇನು ಅಂತ ಕೂಗಿದರು. ಕಾವಲುಗಾರ ಏನೋ ಕಳೆದುಹೋಗಿದೆ ಅಂತ ಓಡಿ ಬಂದ. ಅವನಿಗೂ ಒಂದು ದಂಟು ಕೊಟ್ಟು ಹೊರಳಿಸು ಅಂದರು. ಹುಡುಕಿಕೊಂಡು ಕೆಳಗೆ ಬಂದ ಮಗಳು, "ಅಮ್ಮಾ, ಅವರ ಪ್ಯಾಂಟು!" ಅಂತ ಕಿರುಚಿದಳು.

ಈಗ ಊಟಕ್ಕೆ ಕೂತಾಗಲೂ ಹುಲ್ಲಿನದೇ ಮಾತು. ಮೊನ್ನೆ ಆಫೀಸಿಗೆ ತಡವಾಗಿ ಹೋದರಂತೆ. ದಾರಿಯಲ್ಲಿ ಎಲ್ಲೋ ಕಾರು ನಿಲ್ಲಿಸಿದ್ದರಂತೆ.

ನಾನು ಏನನ್ನು ತೋರಿಸಲು ಹೊರಟಿದ್ದೆನೋ ಅದು ಆಗಲಿಲ್ಲ. ಪ್ರಯೋಗ ಮಾಡಿದವಳು ಫಲಿತಾಂಶ ಮುಚ್ಚಿಡಬಾರದು. ಕುಟುಂಬದಲ್ಲಿ ಆ ಕೆಲಸಕ್ಕೆ ನೀನೊಬ್ಬನೇ ಸಾಕು. ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಹಿ ಓದಿಯೇ ಹಾಕಿದ್ದೇನೆ.

ಅಕ್ಕ


ಜೂನ್ 22

ಅಕ್ಕಾ,

ಎರಡನೇ ವಾಚನ ಮುಗಿಯಿತು. ಈ ಸಲ ಬೆಳಗ್ಗೆಯೇ, ಮೊದಲನೇ ವಿಷಯವಾಗಿ ಇಟ್ಟೆ. ಒಂದೇ ಒಂದು ಮಾತು ಹೊಗಳಲಿಲ್ಲ. ನೋಂದಣಿ ಕಿಟಕಿಯ ಕಥೆ ಹೇಳಿ, ನಿನ್ನ ಅಳಿಯನ ಪ್ರಯೋಗವನ್ನು ಓದಿದೆ. 'ಇನ್ನೊಬ್ಬ ಕಳ್ಳ' ಅನ್ನುವಲ್ಲಿಗೆ ಬಂದಾಗ 'ತತ್ವತಃ' ಅವರು ನಕ್ಕು ನಕ್ಕು ಕೆಮ್ಮಿದರು.

"ತತ್ವತಃ, ಪೂರ್ವಾರ್ಹತೆ ಇಲ್ಲ ಅಂದ್ರೆ ಅರ್ಥಶಾಸ್ತ್ರದ ಹುಡುಗರೂ ಸೇರಬಹುದಾ?"

"ಸೇರಬಹುದು ಸಾರ್."

"ಮೇಷ್ಟ್ರುಗಳು?"

"ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ."

ಕೈಗಳು ಎದ್ದವು. ಸಾಲು ಹೊಡೆದುಹಾಕಿದೆವು. ಅಷ್ಟರಲ್ಲಿ ಸಸ್ಯಶಾಸ್ತ್ರದ ಎಚ್‌ಓಡಿ ಮೇಡಂ ಎದ್ದು ನಿಂತರು. ಪಾಪ, ಮುಖ ಕೆಂಪಾಗಿತ್ತು.

"ಸಾರ್, ನಿಜ ಹೇಳಿಬಿಡ್ತೀನಿ. ಸಾಲು ಹೋಯ್ತು, ಸರಿ. ಹುಡುಗರು ಬರ್ತಾರೆ, ಅದೂ ಸರಿ. ಕಲಿಸೋರು ಯಾರು? ನನಗೆ ಗಿಡದ ಜೀನ್ ಒಳಗೆ ಏನಿದೆ ಅಂತ ಹೇಳು ಅಂದ್ರೆ ನಿದ್ದೆಗಣ್ಣಲ್ಲೂ ಹೇಳ್ತೀನಿ. ಹೊರಗಿಂದ ನೋಡಿದ್ರೆ ನನಗೆ ಎಲ್ಲಾ ಒಂದೇ ಥರ ಹಸಿರು. ವಿಭಾಗದಲ್ಲಿ ಎಲ್ಲರದೂ ಇದೇ ಕಥೆ. ಅದಕ್ಕೇ ಮುಚ್ಚಿ ಅಂತ ಬರೆದುಕೊಟ್ಟಿದ್ದು."

ಯಾರೂ ನಗಲಿಲ್ಲ ಅಕ್ಕಾ. ಒಬ್ಬ ಪ್ರಾಧ್ಯಾಪಕಿ ಸಮಿತಿಯಲ್ಲಿ ನಿಂತು ನನಗೆ ಗೊತ್ತಿಲ್ಲ ಅಂದದ್ದನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ಇದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದು ಅಂತಲೂ ಯಾರಿಗೂ ತಿಳಿಯಲಿಲ್ಲ.

ಈಗ ಇರುವ ಸ್ಥಿತಿ ಇದು. ಪೇಪರ್ ಉಳಿದಿದೆ. ಆದರೆ ಕಲಿಸುವವರ ಹೆಸರು ಜುಲೈ ಹತ್ತರೊಳಗೆ ಕೊಡದಿದ್ದರೆ ಈ ವರ್ಷವೂ ಕಿಟಕಿಯಲ್ಲಿ ಕುಂಯ್ ಅನ್ನುತ್ತದೆ. ಮೇಡಂ ಕಲಿಸಲು ತಯಾರಿದ್ದಾರೆ, ಅವರಿಗೆ ಮೊದಲು ಯಾರಾದರೂ ಕಲಿಸಿದರೆ. ನಿನ್ನನ್ನು ಕೇಳಿ ನೋಡಿ ಅಂತ ನನಗೆ ಹೇಳಿದರು. ತಾವೇ ಬರೆಯಲು ಹೆದರಿಕೆಯಂತೆ. ನನಗೂ ಹೆದರಿಕೆಯೇ ಅಂತ ನಾನು ಹೇಳಲಿಲ್ಲ.

ಬರುತ್ತೀಯಾ?

ತಮ್ಮ


ಜುಲೈ 1

ತಮ್ಮಾ,

ಕಲಿಸುವವರ ಹೆಸರಿನ ಜಾಗದಲ್ಲಿ ಮೇಡಂ ಹೆಸರನ್ನೇ ಬರೆ. ಮುಂದಿನ ಭಾನುವಾರ ಹೊರಡುತ್ತೇನೆ. ಅಳಿಯಂದಿರು ಕಾರಿನಲ್ಲಿ ಬಿಟ್ಟುಬರುತ್ತೇನೆ ಅಂದಿದ್ದಾರೆ. ದಾರಿಯುದ್ದಕ್ಕೂ ನಿಲ್ಲಿಸುತ್ತಾರೆ, ಆದ್ದರಿಂದ ಯಾವಾಗ ತಲುಪುತ್ತೇನೋ ಹೇಳಲಾರೆ. ನಿಮ್ಮ ಮನೆಯಲ್ಲೇ ಉಳಿಯುತ್ತೇನೆ. ನಿನ್ನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಇದೆ, ಅದನ್ನು ಎದುರಿಗೆ ಕೂತು ಮುಗಿಸುವುದು ಒಳ್ಳೆಯದು.

ಆ ಮೇಡಂಗೆ ಹೇಳು, ಹೆದರಬೇಡಿ ಅಂತ. ಪುಸ್ತಕ ತರುವುದು ಬೇಡ. ಕೊಳೆಯಾದರೆ ಬೇಸರವಾಗದಂಥ ಬಟ್ಟೆ ಹಾಕಿಕೊಂಡು ಬೆಳಿಗ್ಗೆ ವಿಭಾಗದ ಮುಂದೆ ನಿಂತಿರಲಿ. ಅವರಿಗೆ ಡಾಕ್ಟರೇಟ್ ಇದ್ದರೂ ಪರವಾಗಿಲ್ಲ, ಸೇರಿಸಿಕೊಳ್ಳುತ್ತೇನೆ. ಈಗ ಯಾರು ಬೇಕಾದರೂ ಬರಬಹುದಲ್ಲ.

ಅಕ್ಕ